ಕಾಲಿಲ್ಲದ ಜಿಂಕೆ

ನನ್ನ ಬರೆಯುವ ಮೇಜಿನ ಗಾಜಿನ ಅಡಿಯಲ್ಲಿ ಒಂದು ಕಾಗದದ ಜಿಂಕೆಯಿದೆ. ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿರುವ ಜಿಂಕೆ. ಅದರ ಮೈಮೇಲೆ ಅಡ್ಡಲಾಗಿ ಮೂರು ಗೆರೆಗಳಿವೆ. ಕಿವಿ, ಕಣ್ಣು ಒಂದು ತುಂಡಿನಲ್ಲಿ, ಕತ್ತು ಇನ್ನೊಂದರಲ್ಲಿ, ಎದೆ ಹೊಟ್ಟೆಗಳು ಮತ್ತೊಂದರಲ್ಲಿ, ತೊಡೆ ಮತ್ತು ಮೊಣಕಾಲು ಕೊನೆಯದರಲ್ಲಿ. ಅಂಚಿಗೆ ಅಂಚು ತಾಗಿಸಿ ಇಟ್ಟಿದ್ದೇನೆ, ಅಂಟಿಸಿಲ್ಲ. ಮೊಣಕಾಲಿನ ಕೆಳಗೆ ಏನೂ ಇಲ್ಲ. ಮನೆಗೆ ಬಂದವರು ಮಕ್ಕಳು ಆಡಿದ್ದೇನೋ ಎಂದು ಕೇಳುತ್ತಾರೆ. ಹೌದೆಂದು ತಲೆಯಾಡಿಸುತ್ತೇನೆ. ಕತ್ತರಿಸಿದವಳು ನಾನೇ ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಆಗ ನನಗೆ ಮೂವತ್ತೊಂದು. ನಮ್ಮೂರಿನ ಒಂದು ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಎಂಟೇ ಪುಟಗಳ ಪತ್ರಿಕೆ. ಗುರುಪಾದಯ್ಯನವರು ಅದರ ಒಡೆಯರು, ಸಂಪಾದಕರು, ಯಂತ್ರದವನು ಬಾರದ ದಿನ ಯಂತ್ರ ತಿರುಗಿಸುವವರೂ ಅವರೇ. ಮೊದಲ ಪುಟದ ಸುದ್ದಿಗಿಂತ ಜನ ಮೊದಲು ತೆರೆಯುತ್ತಿದ್ದದ್ದು ನಾಲ್ಕನೆಯ ಪುಟವನ್ನು. ಅಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರುತ್ತಿತ್ತು. ಹಣಕಾಸು, ಕೆಲಸ, ಆರೋಗ್ಯ, ಬರವಣಿಗೆ ಎಂದು ನಾಲ್ಕು ಅಂಕಣ. ಮೊದಲೆರಡಕ್ಕೆ ಗುರುಪಾದಯ್ಯನವರೇ ಉತ್ತರ ಬರೆಯುತ್ತಿದ್ದರು. ಆರೋಗ್ಯಕ್ಕೆ, ಹೆರಿಗೆ ಆಸ್ಪತ್ರೆಯಿಂದ ನಿವೃತ್ತರಾಗಿದ್ದ ಡಾಕ್ಟರ್ ರೆಬೆಕ್ಕಮ್ಮ. ಬರವಣಿಗೆಯದು ನನ್ನ ಪಾಲು. ನನ್ನ ಆರೇಳು ಕಥೆಗಳು ಅಲ್ಲಿ ಇಲ್ಲಿ ಅಚ್ಚಾಗಿದ್ದವು. ಅಷ್ಟು ಸಾಕಾಗಿತ್ತು.

ಜನ ಏನೇನು ಕೇಳುತ್ತಿದ್ದರೆಂದು ನೆನೆದರೆ ಈಗಲೂ ನಗು ಬರುತ್ತದೆ. ಬೆಳೆದವನಿಗೂ ಲಾಭವಿಲ್ಲ, ಕೊಂಡವನಿಗೂ ಲಾಭವಿಲ್ಲ, ಹಾಗಾದರೆ ಈರುಳ್ಳಿಯ ಲಾಭ ಎಲ್ಲಿಗೆ ಹೋಗುತ್ತದೆ? ಮೇಸ್ತ್ರಿ ಬೈದರೆ ತಿರುಗಿ ಬೈಯಬಹುದೇ, ಇಲ್ಲ ಸಂಬಳದ ದಿನದವರೆಗೆ ಕಾಯಬೇಕೇ? ಮೊಸರನ್ನ ಉಂಡ ಮೇಲೆ ಬಾಳೆಹಣ್ಣು ತಿಂದರೆ ಶೀತವಾಗುತ್ತದೆಯೇ? ಕಾದಂಬರಿ ಬರೆಯಲು ಎಷ್ಟು ಪುಟದ ನೋಟ್‌ಬುಕ್ ಕೊಳ್ಳಬೇಕು? ಒಂದೇ ಕಾಗದದಲ್ಲಿ ಇಂಥ ಮೂರು ನಾಲ್ಕು ಪ್ರಶ್ನೆ ತುಂಬಿ ಕಳಿಸುವವರೇ ಹೆಚ್ಚು. ಅಂಚೆಯ ಖರ್ಚು ಉಳಿಯಲೆಂದು.

ಅದಕ್ಕಾಗಿ ಗುರುಪಾದಯ್ಯನವರು ಒಂದು ಪದ್ಧತಿ ಮಾಡಿದ್ದರು. ಬಂದ ಕಾಗದವನ್ನು ನಾನು ಪ್ರಶ್ನೆಪ್ರಶ್ನೆಯಾಗಿ ಕತ್ತರಿಸಬೇಕು. ಪ್ರಶ್ನೆಯಿಲ್ಲದ ಭಾಗವನ್ನು, ಅಂದರೆ ನಮಸ್ಕಾರ, ಕ್ಷೇಮಸಮಾಚಾರ, ಹೆಸರು, ಸಹಿಗಳನ್ನು ಕಸದ ಬುಟ್ಟಿಗೆ ಹಾಕಬೇಕು. ಹೆಸರು ಅಚ್ಚಾಗುವುದು ಯಾರಿಗೂ ಬೇಕಿರಲಿಲ್ಲ. ಚೀಟಿಗಳನ್ನು ಕಪಾಟಿನ ಮೇಲಿನ ನಾಲ್ಕು ಬಿಸ್ಕತ್ತಿನ ಡಬ್ಬಿಗಳಿಗೆ ಹಂಚಬೇಕು. ಡಬ್ಬಿಯಲ್ಲಿ ಸರದಿ ಬಂದಂತೆ ಉತ್ತರ. ಅಚ್ಚಾದ ಚೀಟಿಯನ್ನು ಮೇಜಿನ ಮೇಲಿನ ಕಬ್ಬಿಣದ ಮುಳ್ಳಿಗೆ ಚುಚ್ಚುವುದು. ಕತ್ತರಿ ಕಳೆಯದಿರಲೆಂದು ಅದನ್ನು ದಾರದಿಂದ ಮೇಜಿನ ಕಾಲಿಗೆ ಕಟ್ಟಿದ್ದರು. ನಾನು ಬಹಳ ಬೇಗ ಕತ್ತರಿಸುತ್ತಿದ್ದೆ. ಪೂರ್ತಿ ಓದದೆಯೇ ಎಲ್ಲಿ ಒಂದು ಪ್ರಶ್ನೆ ಮುಗಿದು ಇನ್ನೊಂದು ಶುರುವಾಗುತ್ತದೆಂದು ಕಣ್ಣಿಗೆ ತಿಳಿಯುತ್ತಿತ್ತು. ಅದೊಂದು ಜಾಣತನವೆಂದು ನನಗೆ ಹೆಮ್ಮೆಯೂ ಇತ್ತು.

ನಾಲ್ಕು ಡಬ್ಬಿಗಳೂ ಒಂದೇ ಸಮನಾಗಿ ತುಂಬುತ್ತಿರಲಿಲ್ಲ. ಆರೋಗ್ಯದ ಡಬ್ಬಿಯ ಮುಚ್ಚಳ ಮುಚ್ಚುತ್ತಲೇ ಇರಲಿಲ್ಲ. ಅದರಲ್ಲಿ ಬಿದ್ದ ಚೀಟಿ ಮೇಲೆ ಬರಲು ಮೂರು ತಿಂಗಳಾದರೂ ಬೇಕು. ಬರವಣಿಗೆಯ ಡಬ್ಬಿ ಮಾತ್ರ ಸದಾ ಬರಿದು. ಕಥೆಯ ಬಗ್ಗೆ ಯಾರಾದರೂ ಕೇಳಿದರೆ ಮುಂದಿನ ವಾರವೇ ಉತ್ತರ.

ಆ ವರ್ಷ ಶಿವರಾತ್ರಿಯ ಮರುವಾರ ನನ್ನ ಡಬ್ಬಿಗೆ ಒಂದು ಚೀಟಿ ಬಿತ್ತು. ಅಕ್ಷರ ದುಂಡಗಿತ್ತು. ಅದರಲ್ಲಿ ಹೀಗಿತ್ತು: "ನಾನೊಂದು ಕಥೆ ಬರೆಯುತ್ತಿದ್ದೇನೆ. ಅದರಲ್ಲಿ ಒಬ್ಬಳಿಗೆ ಕಾಯಿಲೆ. ದಿನದಿನಕ್ಕೂ ಹೆಚ್ಚುತ್ತಿದೆ. ತಂಗಿಯ ಮದುವೆ ಗೊತ್ತಾಗಿರುವುದರಿಂದ ಯಾರಿಗೂ ಹೇಳಿಲ್ಲ. ಕಥೆಯ ಕೊನೆಯಲ್ಲಿ ಅವಳು ಹೇಳಬೇಕೋ, ಹೇಳದೆಯೇ ಇರಬೇಕೋ? ಯಾವುದು ಒಳ್ಳೆಯದು?"

ಎಷ್ಟೋ ದಿನದ ಮೇಲೆ ನೋಟ್‌ಬುಕ್ಕಿನ ಪುಟ ಕೇಳದ ಒಂದು ಪ್ರಶ್ನೆ ಬಂದಿತ್ತು. ನಾನು ಸಂತೋಷಪಟ್ಟೆ. ಒಂದು ಬೆಳಗ್ಗೆ ಪೂರ್ತಿ ಕೂತು, ತಿದ್ದಿ ತಿದ್ದಿ ಉತ್ತರ ಬರೆದೆ. ಅದು ನನಗೆ ಇಂದಿಗೂ ಬಾಯಿಪಾಠ. "ಹೇಳದೆ ಉಳಿದದ್ದೇ ಕಥೆಯ ಬಲ. ನಿಮ್ಮ ನಾಯಕಿ ಬಾಯಿ ಬಿಟ್ಟ ಗಳಿಗೆಯಲ್ಲಿ ಎಲ್ಲರಂತೆ ಒಬ್ಬಳಾಗಿಬಿಡುತ್ತಾಳೆ. ಅವಳು ಮೌನವಾಗಿಯೇ ಇರಲಿ. ಓದುವವರು ಅರ್ಥಮಾಡಿಕೊಳ್ಳುತ್ತಾರೆ."

ಬಹಳ ಜನ ಮೆಚ್ಚಿದರು. ಕಾಲೇಜಿನ ಉಪನ್ಯಾಸಕರೊಬ್ಬರು ತರಗತಿಯಲ್ಲಿ ಓದಿ ಹೇಳಿದರಂತೆ. ಎಂದೂ ಹೊಗಳದ ಗುರುಪಾದಯ್ಯನವರು, "ಪರವಾಗಿಲ್ವೇ, ನಾಲ್ಕು ಸಾಲಲ್ಲಿ ಮುಗಿಸಿದ್ದೀಯ," ಅಂದರು. ನಾನು ಆ ಚೀಟಿಯನ್ನು ಮುಳ್ಳಿಗೆ ಚುಚ್ಚಿ ಮರೆತೆ.

ಯುಗಾದಿ ಕಳೆಯಿತು, ಬಿಸಿಲು ಕಳೆಯಿತು, ಮೊದಲ ಮಳೆ ಬಿತ್ತು. ಒಂದು ಗುರುವಾರ ಸಂಜೆ ಎಂದಿನಂತೆ ಆರೋಗ್ಯದ ಚೀಟಿಗಳನ್ನು ತೆಗೆದುಕೊಂಡು ರೆಬೆಕ್ಕಮ್ಮನವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಹಾಲಿಲ್ಲದ ಚಹಾ ಕುಡಿಯುತ್ತ ಒಂದೊಂದೇ ಚೀಟಿಗೆ ಉತ್ತರ ಹೇಳುವರು, ನಾನು ಬರೆದುಕೊಳ್ಳುವೆ. ಮೊಸರಿನದು, ಹಲ್ಲುನೋವಿನದು, ಕೂದಲು ಉದುರುವುದು ಎಲ್ಲ ಮುಗಿದವು. ನಾಲ್ಕನೆಯದನ್ನು ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ನನ್ನ ಎಡ ಎದೆಯ ಮಗ್ಗುಲಲ್ಲಿ, ಕಂಕುಳ ಕೆಳಗೆ, ಹುಣಸೆಬೀಜದಷ್ಟು ಗಂಟಿದೆ. ನೋವಿಲ್ಲ. ಸುಮ್ಮನೆ ಬಿಟ್ಟರೆ ತಾನೇ ಕರಗುತ್ತದೆಯೇ?"

"ಇವಳಿಗೆ ವಯಸ್ಸೆಷ್ಟು?" ಎಂದು ಕೇಳಿದರು.

ಗೊತ್ತಿಲ್ಲವೆಂದೆ.

"ಎಷ್ಟು ದಿನದಿಂದ ಇದೆಯಂತೆ? ಬೆಳೀತಾ ಇದೆಯಾ? ಉಳಿದದ್ದೆಲ್ಲಿ ಈ ಕಾಗದದ್ದು?"

ಉಳಿದದ್ದು ಬೇರೆ ಡಬ್ಬಿಗಳಿಗೆ ಹೋಗಿರಬೇಕೆಂದೆ. ಕಾಗದ ಯಾವಾಗ ಬಂತೆಂದು ಕೇಳಿದರು. ಡಬ್ಬಿಯ ಸರದಿಯನ್ನು ಲೆಕ್ಕಹಾಕಿ, ಶಿವರಾತ್ರಿಯ ಹೊತ್ತಿಗೆ ಎಂದೆ. ರೆಬೆಕ್ಕಮ್ಮ ಬಟ್ಟಲನ್ನು ಕೆಳಗಿಟ್ಟರು.

"ಶಿವರಾತ್ರೀಲಿ ಬಂದದ್ದನ್ನ ಮಳೆ ಬಿದ್ದ ಮೇಲೆ ತಂದು ಕೊಡ್ತಿದ್ದೀಯ ನೀನು. ಇದಕ್ಕೆ ನಾನು ಉತ್ತರ ಬರೆಯಲ್ಲ. ಈ ಹೆಂಗಸನ್ನ ಕರಕೊಂಡು ಬಾ."

ಅವರ ದನಿ ಏರಲಿಲ್ಲ. ಆದರೂ ಅಲ್ಲಿಂದ ಕಚೇರಿಯವರೆಗೆ ಓಡುತ್ತಲೇ ಬಂದೆ.

ಚೀಟಿಯಲ್ಲಿ ಹೆಸರಿಲ್ಲ, ಊರಿಲ್ಲ. ಹೆಸರಿದ್ದ ತುಂಡನ್ನು ಬುಟ್ಟಿಗೆ ಹಾಕಿದ್ದು ನಾನೇ. ಬುಟ್ಟಿಯ ಕಸ ಪ್ರತಿ ಶನಿವಾರ ಯಂತ್ರದ ಮನೆಯ ಹಿಂದೆ ಸುಡುತ್ತಿದ್ದರು. ದೀಪದ ಕೆಳಗೆ ಕೂತು ಆ ಚೀಟಿಯನ್ನು ತಿರುಗಿಸಿದೆ. ಹಿಂಬದಿಯಲ್ಲಿ ಬಣ್ಣದ ಚಿತ್ರದ ಒಂದು ಭಾಗ: ಕಂದು ಮೈ, ಬಿಳಿ ಚುಕ್ಕೆ. ಮೂಗಿಗೆ ಹಿಡಿದರೆ ಗಂಧದ ವಾಸನೆ. ನಮ್ಮ ಓದುಗರು ಕ್ಯಾಲೆಂಡರಿನ ಹಿಂದೆ, ಸಕ್ಕರೆ ಪೊಟ್ಟಣದ ಮೇಲೆ, ಸಿಕ್ಕಿದ್ದರ ಮೇಲೆಲ್ಲ ಬರೆಯುತ್ತಿದ್ದರಿಂದ ಕಾಗದದ ಬೆನ್ನನ್ನು ನಾನು ನೋಡುತ್ತಲೇ ಇರಲಿಲ್ಲ.

ಮುಳ್ಳಿನಿಂದ ನಾಲ್ಕು ತಿಂಗಳ ಚೀಟಿಗಳನ್ನು ಕಳಚಿ ಬೆನ್ನು ಮೇಲೆ ಮಾಡಿ ಹರಡಿದೆ. ಮೊದಲು ಸಿಕ್ಕಿದ್ದು ತಲೆ. ಆಮೇಲೆ ಕತ್ತು. ತೊಡೆ ಮತ್ತು ಮೊಣಕಾಲುಗಳ ತುಂಡನ್ನು ಕೈಗೆತ್ತಿಕೊಂಡಾಗ ಅದರ ಇನ್ನೊಂದು ಬದಿಯಲ್ಲಿ ಏನಿದೆಯೆಂದು ತಿರುಗಿಸದೆಯೇ ನನಗೆ ತಿಳಿದುಹೋಯಿತು. ಆ ದುಂಡಕ್ಷರವನ್ನು ರೆಬೆಕ್ಕಮ್ಮನವರ ಜಗಲಿಯಲ್ಲೇ ನಾನು ಗುರುತಿಸಿದ್ದೆ. ಒಪ್ಪಿಕೊಂಡಿರಲಿಲ್ಲ, ಅಷ್ಟೆ.

ನಾಲ್ಕನ್ನೂ ಕೂಡಿಸಿ ಮೊದಲ ಸಲ ಆ ಕಾಗದವನ್ನು ಓದಿದೆ. ತಂಗಿಯ ಮದುವೆಗೆಂದು ಇಟ್ಟ ಎರಡು ಬಳೆಗಳಿವೆ, ಅವಸರದ ಖರ್ಚೊಂದು ಬಂದಿದೆ, ಈಗಲೇ ಮಾರಲೇ ಎಂಬುದು ಮೊದಲನೆಯದು. ಚಿನ್ನ ಅವಸರಕ್ಕೆ ಮಾರುವ ವಸ್ತುವಲ್ಲ, ಶ್ರಾವಣದವರೆಗೆ ತಡೆಯಿರಿ, ಬೆಲೆ ಏರುತ್ತದೆ ಎಂದು ಗುರುಪಾದಯ್ಯನವರು ಬರೆದಿದ್ದರು. ನನಗೆ ನಲವತ್ತೆರಡು, ಹದಿನೆಂಟು ವರ್ಷದಿಂದ ದಿನಗೂಲಿ, ಎರಡು ತಿಂಗಳು ಬಿಟ್ಟರೆ ಮತ್ತೆ ಸೇರಿಸಿಕೊಳ್ಳುತ್ತಾರೆಯೇ ಎಂಬುದು ಎರಡನೆಯದು. ಭರವಸೆಯಿಲ್ಲ, ತೀರಾ ಅನಿವಾರ್ಯವಲ್ಲದಿದ್ದರೆ ಬಿಡಬೇಡಿ ಎಂದು ಉತ್ತರ. ಮೂರನೆಯದು ಗಂಟು. ಅದಕ್ಕೆ ಉತ್ತರವೇ ಹೋಗಿರಲಿಲ್ಲ. ನಾಲ್ಕನೆಯದಕ್ಕೆ ನನ್ನದು. ಬಳೆ ಮಾರಬೇಡ, ಕೆಲಸ ಬಿಡಬೇಡ, ಬಾಯಿ ಬಿಡಬೇಡ ಎಂದು ನಾವು ಬೇರೆ ಬೇರೆ ಮೂರು ವಾರಗಳಲ್ಲಿ ಅವಳಿಗೆ ಹೇಳಿದ್ದೆವು. ಒಂದೊಂದಾಗಿ ನೋಡಿದರೆ ಯಾವ ಉತ್ತರವೂ ತಪ್ಪಲ್ಲ.

ಗುರುಪಾದಯ್ಯನವರು ಬಂದು ಮೇಜಿನ ಬಳಿ ನಿಂತರು. ಓದಿದರು. ಬಳೆಯ ಚೀಟಿಯ ಮೇಲೆ ಬೆರಳಿಟ್ಟು, "ಅವಸರದ ಖರ್ಚು ಅಂದರೆ ಸೀರೆ ಪಾತ್ರೆ ಅಂದುಕೊಂಡೆ ಕಣಮ್ಮಾ," ಅಂದರು.

ಅದು ಪೊಟ್ಟಣಕ್ಕೆ ಅಂಟಿಸದ ಊದುಬತ್ತಿಯ ಲೇಬಲ್ಲು; ದಿನಗೂಲಿಯ ಆ ಹೆಂಗಸು ಅದನ್ನು ಮಾಡುವಲ್ಲೇ ದುಡಿಯುತ್ತಿರಬೇಕು. ಮರುದಿನ ಬೆಳಗ್ಗೆ ಜಿಂಕೆಯ ತುಂಡುಗಳನ್ನು ಲಕೋಟೆಯಲ್ಲಿಟ್ಟುಕೊಂಡು ಪೇಟೆಗೆ ಹೋದೆ. ಮಳೆ ಹಿಡಿದಿತ್ತು. ಮೊದಲ ದಿನಸಿ ಅಂಗಡಿಯವನು ಜಿಂಕೆ ಮಾರ್ಕಿನ ಊದುಬತ್ತಿ ಈಗ ಬರುತ್ತಿಲ್ಲವೆಂದ. ಎರಡನೆಯವನು, ಬರುತ್ತದೆ, ಆದರೆ ಎಲ್ಲಿಂದಲೋ ಗೊತ್ತಿಲ್ಲ, ಸೈಕಲ್ಲಿನಲ್ಲಿ ತಂದು ಹಾಕುತ್ತಾರೆಂದ. ದೇವರ ಸಾಮಾನಿನ ಅಂಗಡಿಯ ಮುದುಕಿಯೊಬ್ಬಳು ಎಣ್ಣೆಗಾಣದ ಹಿಂದಿನ ಓಣಿಗೆ ಕಳಿಸಿದಳು. ಅಲ್ಲಿ ಬಾಗಿಲಿಗೆ ಬೀಗ. ಪಕ್ಕದ ಮನೆಯವರು, ಜಾಗ ಬದಲಾಯಿಸಿ ವರ್ಷವಾಯಿತು, ಈಗ ಕೆರೆಯ ಆಚೆ ದಡದಲ್ಲಿದೆ ಎಂದರು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಪ್ರತಿ ತಿರುವಿನಲ್ಲೂ ದಿನಗಳನ್ನು ಎಣಿಸುತ್ತಿದ್ದೆ. ನನ್ನ ಉತ್ತರ ಅಚ್ಚಾಗಿ ನೂರಾ ಮೂರು ದಿನ. ಹುಣಸೆಬೀಜ ಈಗ ಎಷ್ಟಾಗಿದೆಯೋ, ಅವಳು ಇನ್ನೂ ಆ ಕೆಲಸದಲ್ಲಿದ್ದಾಳೋ ಇಲ್ಲವೋ. ದೇವರನ್ನು ಅಷ್ಟಾಗಿ ನೆನೆಯದವಳು ಅಂದು ಇಡೀ ದಾರಿ ಬೇಡಿಕೊಂಡೆ.

ಉದ್ದನೆಯ ತಗಡಿನ ಮನೆ. ನೆಲದ ಮೇಲೆ ಮೂವತ್ತು ಹೆಂಗಸರು ಮಣೆ ಮುಂದಿಟ್ಟುಕೊಂಡು ಬಿದಿರು ಕಡ್ಡಿಗೆ ಕಪ್ಪು ಹಿಟ್ಟನ್ನು ಹೊಸೆಯುತ್ತಿದ್ದರು. ಎಲ್ಲರ ಕೈಗಳೂ ಮೊಣಕೈವರೆಗೆ ಕಪ್ಪು. ಮೇಲ್ವಿಚಾರಕ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ. ನಾನು ಪತ್ರಿಕೆಯವಳೆಂದೆ. ಹೆಂಗಸರ ದುಡಿಮೆಯ ಬಗ್ಗೆ ಬರೆಯಬೇಕೆಂದು ಸುಳ್ಳು ಹೇಳಿದೆ. ಗಂಟಿನ ಮಾತು ಅಲ್ಲಿ ಬಾಯಿಂದ ಬಿದ್ದರೆ ಅವಳ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಹಾಗಾದರೆ ಕೇಳುವುದೇನು? ಕೊನೆಗೆ, ನಿಮ್ಮಲ್ಲಿ ಕಥೆ ಬರೆಯುವವರು ಯಾರಾದರೂ ಇದ್ದೀರಾ ಎಂದು ಕೇಳಿದೆ.

ಮೂವತ್ತು ಜನರೂ ನಕ್ಕರು. "ಕಥೆ ಬರೆಯೋರು ಇಲ್ಲ ತಾಯಿ, ಕಥೆ ಕಟ್ಟೋರು ಬೇಕಾದ್ರೆ ಇದ್ದಾರೆ. ಈ ಕೆಂಪಾಜಮ್ಮನ್ನ ಕೇಳಿ, ತಡವಾಗಿ ಬಂದ ದಿನ ಮೇಸ್ತ್ರಿಗೆ ಎಂಥಾ ಕಥೆ ಕಟ್ತಾಳೆ ಅಂತ," ಎಂದಳು ಒಬ್ಬಳು. "ನೀನು ಕಟ್ಟಿದ ಕಥೇಲಿ ನಿಮ್ಮತ್ತೆ ಮೂರು ಸಲ ಸತ್ತವ್ಳೆ, ಸುಮ್ನಿರು," ಎಂದಳು ಕೆಂಪಾಜಮ್ಮ. ಮೇಲ್ವಿಚಾರಕನೂ ನಕ್ಕ.

ಗೋಡೆಯ ಬದಿಯಲ್ಲಿ ಒಬ್ಬಳು ನಗಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಎಲ್ಲರೂ ಹೊಸೆದ ಕಡ್ಡಿಗಳ ಹಿಡಿಯನ್ನು ಎಡಗೈಯಿಂದ ಮೇಲಿನ ಹಲಗೆಗೆ ಏರಿಸುತ್ತಿದ್ದರೆ, ಅವಳು ಎಡ ಮೊಣಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದು, ಪ್ರತಿ ಸಲವೂ ಪೂರ್ತಿ ಎದ್ದು ನಿಂತು ಬಲಗೈಯಿಂದ ಇಡುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಹಿತ್ತಲಲ್ಲಿ ಅವಳ ಮುಂದೆ ನಿಂತೆ. ಅವಳ ಹೆಸರು ದಾಕ್ಷಾಯಣಮ್ಮ. ತೆಳ್ಳಗಿನ, ನೆಟ್ಟಗಿನ ಹೆಂಗಸು. ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿತ್ತು. ಲಕೋಟೆ ತೆರೆದು ತುಂಡುಗಳನ್ನು ತೋರಿಸಿದೆ. ಅವಳು ನೋಡಿದಳು, ಗುರುತಿಸಿದಳು. ಬಣ್ಣ ಕೆಟ್ಟ ದೊಡ್ಡ ಲೇಬಲ್ಲುಗಳನ್ನು ಇಲ್ಲಿ ಎಸೆಯುತ್ತಾರೆ, ಅದರ ಮೇಲೆ ಬರೆದದ್ದಕ್ಕೆ ತಪ್ಪು ತಿಳಿಯಬೇಡಿ ಎಂದಳು.

ನಾನು ಕ್ಷಮೆ ಕೇಳಲು ಹೋದೆ. ಅವಳು ತಡೆದಳು. ರವಿಕೆಯೊಳಗಿನ ಪುಟ್ಟ ಕೈಚೀಲದಿಂದ ನಾಲ್ಕು ಮಡಿಕೆಯಾಗಿದ್ದ ಪತ್ರಿಕೆಯ ತುಣುಕೊಂದನ್ನು ತೆಗೆದಳು. ನನ್ನ ಉತ್ತರ. ಮಡಿಕೆಗಳಲ್ಲಿ ಅಕ್ಷರಗಳು ಸವೆದಿದ್ದವು.

"ಇದನ್ನ ಬರೆದೋರು ನೀವೇನಾ?"

ಹೌದೆಂದೆ.

"ಚೆನ್ನಾಗಿ ಬರೆದಿದ್ರಿ ಮೇಡಂ. ಓದುವವರು ಅರ್ಥಮಾಡಿಕೊಳ್ತಾರೆ ಅಂತಿತ್ತು. ನಾನು ಕಾದೆ. ನನ್ನ ತಂಗಿ ದಿನಾ ನನ್ನ ಮುಖ ಓದ್ತಾಳೆ, ಈ ಜೊತೆಯೋರು ಓದ್ತಾರೆ. ಯಾರೂ ಅರ್ಥಮಾಡಿಕೊಳ್ಳಲಿಲ್ಲ."

ಅದರಲ್ಲಿ ಮೊನಚೇನೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ತಂಗಿಯ ಮದುವೆ ವೈಶಾಖದಲ್ಲಿ ಆಗಬೇಕಿತ್ತಂತೆ; ಗಂಡಿನ ಕಡೆಯವರು ಶ್ರಾವಣಕ್ಕೆ ಹಾಕಿದ್ದಾರೆ. ತಾಯಿಯೂ ಇಂಥದ್ದೇ ಕಾಯಿಲೆಯಲ್ಲಿ ಹೋದವಳು. ಅಕ್ಕನಿಗೂ ಇದೆಯೆಂದರೆ ನಾಳೆ ತಂಗಿಗೂ ಬರುತ್ತದೆಂದು ಸಂಬಂಧ ಮುರಿಯುತ್ತಾರೆ. ಶ್ರಾವಣ ಕಳೆದ ಮರುದಿನವೇ ಆಸ್ಪತ್ರೆಗೆ ಹೋಗುವೆನೆಂದಳು. ಇವತ್ತೇ ಹೋಗಬೇಕೆಂದು ನಾನು ಅಂಗಲಾಚಿದೆ. ಸುತ್ತ ಊಟ ಮಾಡುತ್ತಿದ್ದವರು ತಿರುಗಿ ನೋಡತೊಡಗಿದರು.

"ನೀವು ಕಾಗದವನ್ನ ಪೂರ್ತಿ ಓದಲೇ ಇಲ್ಲ ಅಲ್ವಾ?" ಎಂದಳು. ಮೊಣಕಾಲಿನ ಕೆಳಗೆ ಖಾಲಿಯಿದ್ದ ಜಾಗವನ್ನು ಬೆರಳಿಂದ ತೋರಿಸಿದಳು. "ಇಲ್ಲೊಂದು ಸಾಲಿತ್ತು. ಇವು ನಾಲ್ಕು ಪ್ರಶ್ನೆಯಲ್ಲ, ಒಂದೇ, ದಯವಿಟ್ಟು ಒಟ್ಟಿಗೆ ಒಂದು ಉತ್ತರ ಕೊಡಿ ಅಂತ. ಹೋಗು, ತೋರಿಸಿಕೋ ಅಂತ ಯಾರಾದರೂ ಒಬ್ಬರು ಅಂದಿದ್ರೆ ಅವತ್ತೇ ಹೋಗಿರ್ತಿದ್ದೆ. ನನಗೆ ನಾನೇ ಅನ್ನಕ್ಕೆ ಆಗಲಿಲ್ಲ."

ಆ ಸಾಲಿನಲ್ಲಿ ಪ್ರಶ್ನೆಯಿರಲಿಲ್ಲ. ಅದಕ್ಕೇ ಅದು ಬುಟ್ಟಿಗೆ ಹೋಗಿತ್ತು.

"ಹೋಗು, ತೋರಿಸಿಕೋ," ಎಂದೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳನ್ನು ಏಕವಚನದಲ್ಲಿ. ಅವಳು ಊಟದ ಡಬ್ಬಿಯ ಮುಚ್ಚಳ ಹಾಕಿ ಎದ್ದಳು.

ರೆಬೆಕ್ಕಮ್ಮನವರ ಒಳಮನೆಯ ಬಾಗಿಲು ಮುಚ್ಚಿ ಅರ್ಧ ಗಂಟೆಯಾಯಿತು. ಹೊರಗೆ ಬಂದವರು ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆಯುತ್ತಲೇ ನಿಂತರು. ನಾನು ಹಿಂದೆ ಹೋಗಿ ನಿಂತೆ. "ಈಸ್ಟರ್‌ಗೆ ಮುಂಚೆ ಬಂದಿದ್ದರೆ ನಾನು ಬೇರೆ ಮಾತು ಹೇಳ್ತಿದ್ದೆ," ಅಂದರು, ನನ್ನತ್ತ ತಿರುಗದೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. ತಮ್ಮ ಹೆಸರು, ಅವಳ ಹೆಸರು, ವಯಸ್ಸು, ತಾಯಿಯ ವಿಷಯ, ಗಂಟಿನ ಅಳತೆ, ಎಲ್ಲವೂ ಒಂದೇ ಹಾಳೆಯಲ್ಲಿ.

ಅವಳು ಹೋದಳು. ಶಸ್ತ್ರಚಿಕಿತ್ಸೆಯಾಯಿತು. ಬಳೆಗಳನ್ನು ಆಷಾಢದ ಬೆಲೆಗೆ ಮಾರಿದರು. ಗಂಡಿನ ಕಡೆಯವರು ತಿಳಿದ ವಾರದಲ್ಲೇ ಸಂಬಂಧ ಬಿಟ್ಟರು. ಅವಳು ಅಂದುಕೊಂಡದ್ದು ಸುಳ್ಳಾಗಲಿಲ್ಲ. ತಂಗಿ ನನ್ನೊಡನೆ ಒಂದೇ ಮಾತಾಡಿದಳು. ನನಗೆ ಗಂಡ ಬೇಕು ಅಂತ ಅಕ್ಕನ್ನ ಯಾರು ಕೇಳಿದ್ದರು, ಎಂದು.

ನಾನು ಕತ್ತರಿಯ ದಾರ ಬಿಚ್ಚಿ ಗುರುಪಾದಯ್ಯನವರ ಮೇಜಿನ ಮೇಲಿಟ್ಟೆ. ಇಡೀ ಕಾಗದ ಓದುತ್ತ ಕೂತರೆ ಪತ್ರಿಕೆ ವಾರಕ್ಕೊಮ್ಮೆಯಲ್ಲ, ವರ್ಷಕ್ಕೊಮ್ಮೆ ಬರುತ್ತದೆಂದು ಅವರು ಗೊಣಗಿದರು. ಆದರೂ ಕತ್ತರಿಯನ್ನು ಮತ್ತೆ ಕಟ್ಟಲಿಲ್ಲ. ನಾಲ್ಕನೆಯ ಪುಟದಲ್ಲಿ ವಾರಕ್ಕೆ ಎರಡೋ ಮೂರೋ ಉತ್ತರ ಬರತೊಡಗಿದವು. ಕೆಲವು ಓದುಗರು ಬಿಟ್ಟುಹೋದರು. ಬರವಣಿಗೆಯ ಅಂಕಣವನ್ನು ನಾನು ನಿಲ್ಲಿಸಿದೆ. ನಾಲ್ಕು ವರ್ಷ ಒಂದು ಕಥೆಯನ್ನೂ ಬರೆಯಲಿಲ್ಲ. ಯಾವ ಹೆಂಗಸನ್ನು ಕಥೆಯೊಳಗೆ ತಂದು ನಿಲ್ಲಿಸಿದರೂ ಅವಳ ಎಡ ಮೊಣಕೈ ಮೈಗೆ ಅಂಟಿಕೊಂಡಿರುತ್ತಿತ್ತು.

ಮರುವರ್ಷದ ಕಾರ್ತಿಕದಲ್ಲಿ ದಾಕ್ಷಾಯಣಮ್ಮ ಕಚೇರಿಗೆ ಬಂದಳು. ತಲೆಗೆ ಸೆರಗು ಹೊದ್ದಿದ್ದಳು, ಕೂದಲು ಇರಲಿಲ್ಲ. ಮೆಟ್ಟಿಲು ಹತ್ತಿದ ದಣಿವಿಗೆ ಗೋಡೆ ಹಿಡಿದು ನಿಂತಳು. ನಾನು ನೀರು ಕೊಟ್ಟೆ. ನನ್ನ ಮೇಜಿನ ಗಾಜಿನ ಅಡಿಯಲ್ಲಿದ್ದ ತುಂಡುಗಳನ್ನು ನೋಡಿ ಸಣ್ಣಗೆ ನಕ್ಕಳು. ಕಥೆ ಮುಗಿಯಿತೇ ಎಂದು ಕೇಳಿದೆ. ಎಲ್ಲಿಯ ಕಥೆ, ಚೀಟಿಯಲ್ಲಿ ಬರೆದ ಆ ನಾಲ್ಕು ಸಾಲೇ ಅವಳ ಕಥೆಯಂತೆ.

ಆಮೇಲೆ ಚೀಲದಿಂದ ಒಂದು ಲೇಬಲ್ಲು ತೆಗೆದಳು. ಹೊಸದು, ಬಣ್ಣ ಕೆಡದ್ದು. ಕಾರ್ಖಾನೆಯ ಜೊತೆಯವರಿಂದ ಕೇಳಿ ತರಿಸಿಕೊಂಡಿದ್ದಳು.

"ಇದರಲ್ಲಿ ಕಾಲಿನ ಭಾಗ ಕತ್ತರಿಸಿ ಅಲ್ಲಿಗೆ ಸೇರಿಸ್ಕೋ ತಂಗಿ. ಹಾಗೆ ಇದ್ದರೆ ನೋಡಕ್ಕಾಗಲ್ಲ."

ಮಾಘದಲ್ಲಿ ಅವಳು ತೀರಿಕೊಂಡಳು. ಆ ದಿನ ಸಂಜೆ ಕತ್ತರಿ ಹುಡುಕಿ ತಂದು ಮೇಜಿನ ಮುಂದೆ ಕೂತೆ. ಹೊಸ ಜಿಂಕೆಯ ಮೊಣಕಾಲಿನ ಮೇಲೆ ಅಲಗನ್ನು ಇಟ್ಟೆ. ಕೈ ಒತ್ತಲಿಲ್ಲ. ಗಾಜನ್ನು ಎತ್ತಿ ಅದನ್ನು ಹಾಗೆಯೇ, ಇಡಿಯಾಗಿ, ಹಳೆಯದರ ಪಕ್ಕದಲ್ಲಿ ಇಟ್ಟೆ.

ಆ ಮೇಜು ಈಗ ನನ್ನ ಮನೆಯಲ್ಲಿದೆ. ಅವೆರಡೂ ಅದರ ಗಾಜಿನ ಅಡಿಯಲ್ಲೇ ಇವೆ. ಒಂದು ನಾಲ್ಕು ಕಾಲಿನ ಮೇಲೆ ನಿಂತಿದೆ. ಇನ್ನೊಂದಕ್ಕೆ ನಿಲ್ಲಲು ನೆಲವಿಲ್ಲ. ಎರಡೂ ಕತ್ತು ತಿರುಗಿಸಿ ಒಂದೇ ಕಡೆಗೆ, ಹಿಂದಕ್ಕೆ ನೋಡುತ್ತಿವೆ.